ಅಮ್ಮನಿಗೆ ಸೀಲಿಯಾಕ್ ಇದ್ದರೆ ಮಗುವಿಗೆ ಗೋಧಿ ಕೊಡಬಹುದಾ?

ಪ್ರಶ್ನೆ: ಡಾಕ್ಟರೇ, ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ರಕ್ತ ಕಡಿಮೆ ಇದೆ ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದೆ. ಕೊನೆಗೆ ಎಂಡೋಸ್ಕೋಪಿ ಮಾಡಿ ಸೀಲಿಯಾಕ್ ಕಾಯಿಲೆ ಅಂದರು. ಅಂದಿನಿಂದ ಗೋಧಿ ಮನೆಯೊಳಗೇ ತರುವುದಿಲ್ಲ. ಈಗ ಮಗನಿಗೆ ಐದು ತಿಂಗಳು. ಸಿಸೇರಿಯನ್ ಆಗಿತ್ತು, ಎದೆಹಾಲು ಕುಡಿಯುತ್ತಿದ್ದಾನೆ. ಈ ಕಾಯಿಲೆಯ ಜೀನ್ ಇರುವ ಮಕ್ಕಳ ಕರುಳಿನಲ್ಲಿ ಮೊದಲಿನಿಂದಲೇ ಬೇರೆ ಥರದ ಬ್ಯಾಕ್ಟೀರಿಯಾ ಇರುತ್ತವೆ ಅಂತ ಓದಿದೆ. ನಿಜವಾ? ಜೀನ್ ಟೆಸ್ಟ್ ಮಾಡಿಸಬೇಕಾ? ಪ್ರೋಬಯೋಟಿಕ್ ಡ್ರಾಪ್ಸ್ ಹಾಕಿದರೆ ಕಾಯಿಲೆ ಬರದಂತೆ ತಡೆಯಬಹುದಾ? ಅಮ್ಮ ‘ರಾಗಿ ತಿನ್ನೋ ನಮಗೆ ಎಲ್ಲಿಂದ ಬಂತು ಈ ಗೋಧಿ ಕಾಯಿಲೆ’ ಅಂತಾರೆ. ಅತ್ತೆ ‘ಮಗುವಿಗೆ ಗೋಧಿ ತೋರಿಸಲೇಬೇಡ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರಿಗೂ ನನ್ನ ನಮಸ್ಕಾರ ತಿಳಿಸಿ. ಆದರೆ ಗೋಧಿಯ ವಿಷಯದಲ್ಲಿ ಅತ್ತೆಯವರ ಮಾತು ಬೇಡ. ಆರು ತಿಂಗಳು ತುಂಬಿದ ಮೇಲೆ ಮಗನಿಗೆ ಗೋಧಿ ಕೊಡಿ, ಸ್ವಲ್ಪ ಸ್ವಲ್ಪವಾಗಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನೀವು ಓದಿದ ಬ್ಯಾಕ್ಟೀರಿಯಾದ ಸುದ್ದಿ ನೋಡೋಣ, ಅದರಲ್ಲಿ ಹುರುಳಿದೆ.

ಗೋಧಿ, ಬಾರ್ಲಿ, ರೈ ಈ ಮೂರು ಕಾಳುಗಳಲ್ಲಿ ಇರುವ ಗ್ಲುಟೆನ್ ಎಂಬ ಪ್ರೋಟೀನ್ ಯಾರ ಹೊಟ್ಟೆಯಲ್ಲೂ ಪೂರ್ತಿ ಜೀರ್ಣವಾಗುವುದಿಲ್ಲ. ನಿಮ್ಮದು, ನನ್ನದು, ಪೈಲ್ವಾನನದು, ಎಲ್ಲರದ್ದೂ ಅಷ್ಟೇ. 33 ಅಮೈನೋ ಆಮ್ಲಗಳಷ್ಟು ಉದ್ದದ ಒಂದು ತುಂಡು ಹೊಟ್ಟೆ ಮತ್ತು ಕರುಳಿನ ರಸಗಳಿಗೆ ಜಗ್ಗದೆ ಉಳಿಯುತ್ತದೆ ಅಂತ 2002ರಲ್ಲಿ ತೋರಿಸಿದರು. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಆ ತುಂಡನ್ನು ಒಂಚೂರು ಬದಲಿಸುತ್ತದೆ. ಬದಲಾದ ತುಂಡನ್ನು ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಪ್ರೋಟೀನ್ ಗಟ್ಟಿಯಾಗಿ ಹಿಡಿದು ರೋಗನಿರೋಧಕ ಕಣಗಳಿಗೆ ತೋರಿಸುತ್ತದೆ. ಅವು ಶತ್ರು ಬಂತು ಅಂತ ದಾಳಿಗೆ ಇಳಿಯುತ್ತವೆ. ಆ ದಾಳಿಯಲ್ಲಿ ಪೆಟ್ಟು ಬೀಳುವುದು ಸಣ್ಣ ಕರುಳಿನ ಒಳಪದರಕ್ಕೆ. ಆಹಾರ ಹೀರಿಕೊಳ್ಳುವ, ವಿಲ್ಲೈ ಎಂಬ ಸಣ್ಣ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣವನ್ನು ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ. ಈ ಕಾಯಿಲೆಯಲ್ಲಿ ಜಾಸ್ತಿ ಹಾಳಾಗುವುದೂ ಅದೇ. ನೀವು ಅಷ್ಟು ವರ್ಷ ನುಂಗಿದ ಮಾತ್ರೆ ಮೈಗೆ ಹತ್ತದೇ ಇದ್ದದ್ದು ಇದಕ್ಕೇ.

ಡಿಕ್ಯೂ2, ಡಿಕ್ಯೂ8 ಪ್ರೋಟೀನುಗಳನ್ನು ಮಾಡಿಸುವ ಜೀನುಗಳನ್ನೇ ಜನ ‘ಸೀಲಿಯಾಕ್ ಜೀನ್’ ಅನ್ನುತ್ತಾರೆ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ಇವುಗಳಲ್ಲಿ ಒಂದಾದರೂ ಇರುತ್ತದೆ. ಆದರೆ ಕಾಯಿಲೆ ಇಲ್ಲದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಈ ಜೀನ್ ಇದೆ. ಮೆಜೆಸ್ಟಿಕ್‌ನಿಂದ ಹೊರಟ ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ಇಪ್ಪತ್ತು ಜನರಿಗಾದರೂ ಇರಬಹುದು. ಅವರಲ್ಲಿ ಬಹುತೇಕ ಎಲ್ಲರೂ ಜೀವನವಿಡೀ ಪೂರಿ, ಪರೋಟ ತಿಂದು ಆರಾಮಾಗಿಯೇ ಇರುತ್ತಾರೆ.

ಇಲ್ಲಿಗೆ ನಿಮ್ಮ ಅಮ್ಮನ ಮಾತು ಬರುತ್ತದೆ. ಅವರು ಹೇಳಿದ್ದು ಅರ್ಧ ಸರಿ. ನಮ್ಮ ದೇಶದ ಉತ್ತರ, ಈಶಾನ್ಯ, ದಕ್ಷಿಣ ಮೂರೂ ಕಡೆ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಉತ್ತರದಲ್ಲಿ ಸೀಲಿಯಾಕ್ ಇದ್ದವರು ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10. ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ಹಾಗಾದರೆ ಜೀನ್ ನಮ್ಮಲ್ಲಿ ಕಡಿಮೆ ಇದೆಯಾ? ಇಲ್ಲ. ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ 36. ಹೆಚ್ಚುಕಡಿಮೆ ಒಂದೇ. ಎದ್ದು ಕಂಡ ವ್ಯತ್ಯಾಸ ಗೋಧಿಯದ್ದು: ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ಇಲ್ಲಿ 25 ಗ್ರಾಂ. ಅಂದರೆ ಜೀನ್ ನಮ್ಮ ಮನೆಗಳಲ್ಲೂ ತಲೆಮಾರುಗಳಿಂದ ಸದ್ದಿಲ್ಲದೆ ಕೂತಿದೆ. ತಟ್ಟೆಯಲ್ಲಿ ಮುದ್ದೆ, ಅನ್ನ ಇದ್ದಷ್ಟು ಕಾಲ ಅದಕ್ಕೆ ಕೆಲಸ ಇರಲಿಲ್ಲ ಅಂತ ಊಹಿಸಬಹುದು. ಈಗಿನ ಬೆಂಗಳೂರಿನ ತಟ್ಟೆ ಹಾಗಿಲ್ಲ ಅಲ್ವಾ? ಬೆಳಿಗ್ಗೆ ಬ್ರೆಡ್ಡು ಇಲ್ಲವೇ ಉಪ್ಪಿಟ್ಟು, ಸಂಜೆ ಬನ್ನು, ಸಕ್ಕರೆ ಕಾಯಿಲೆ ಬಂದವರ ಮನೆಯಲ್ಲಿ ರಾತ್ರಿ ಎಲ್ಲರಿಗೂ ಚಪಾತಿ. ‘ಸೌತ್ ಇಂಡಿಯನ್ಸ್‌ಗೆ ಇದು ಬರಲ್ಲ’ ಅನ್ನುವ ಭರವಸೆಯಲ್ಲೇ ಎಷ್ಟೋ ಜನರ ಪರೀಕ್ಷೆ ತಡವಾಗುತ್ತದೆ.

ಜೀನ್ ಇದೆ, ಗೋಧಿ ತಿಂದರು, ಆದರೂ ಹೆಚ್ಚಿನವರಿಗೆ ಕಾಯಿಲೆ ಬರಲಿಲ್ಲ. ಅಂದಮೇಲೆ ಮೂರನೆಯದು ಇನ್ನೇನೋ ಇರಬೇಕು. ಅದನ್ನು ಹುಡುಕುತ್ತಾ ಹೊರಟವರು ಕರುಳಿನ ಬ್ಯಾಕ್ಟೀರಿಯಾದ ಹತ್ತಿರ ಬಂದು ನಿಂತಿದ್ದಾರೆ.

ಎದೆಹಾಲಿನಲ್ಲಿ ಮಗುವಿಗೆ ಜೀರ್ಣಿಸಲು ಆಗದ ಕೆಲವು ಸಕ್ಕರೆಗಳಿವೆ. ಅವು ಇರುವುದೇ ಬೈಫಿಡೋಬ್ಯಾಕ್ಟೀರಿಯಾಗಳಿಗೋಸ್ಕರ ಅನ್ನಬಹುದು. ಈ ಬ್ಯಾಕ್ಟೀರಿಯಾ ಅವನ್ನು ತಿಂದು, ಕರುಳಿನಲ್ಲಿ ಆಮ್ಲ ಹೆಚ್ಚಿಸಿ, ಬೇಡದ ಸೂಕ್ಷ್ಮಜೀವಿಗಳನ್ನು ದೂರ ಇಡುತ್ತವೆ. ಸ್ಪೇನಿನ ಸಂಶೋಧಕರು ಮನೆಯಲ್ಲಿ ಸೀಲಿಯಾಕ್ ಇದ್ದವರಿರುವ ಕೂಸುಗಳನ್ನು ಆರಿಸಿಕೊಂಡರು. ಎಲ್ಲವೂ ಸಹಜ ಹೆರಿಗೆ, ಎಲ್ಲಕ್ಕೂ ಎದೆಹಾಲು. ಹೆರಿಗೆಯಿಂದಲೋ ಹಾಲಿನಿಂದಲೋ ವ್ಯತ್ಯಾಸ ಬಂತು ಅನ್ನುವ ಅನುಮಾನ ಉಳಿಯಬಾರದು ಅಂತ ಹಾಗೆ ಮಾಡಿದ್ದು. ಆಮೇಲೆ ಡಿಕ್ಯೂ2 ಇದ್ದವರ ಮತ್ತು ಇಲ್ಲದವರ ಮಲ ಪರೀಕ್ಷೆ ಮಾಡಿದರು. ಡಿಕ್ಯೂ2 ಇದ್ದ ಕೂಸುಗಳಲ್ಲಿ ಬೈಫಿಡೋಬ್ಯಾಕ್ಟೀರಿಯಾ ಸೇರುವ ಗುಂಪು ಕಡಿಮೆ ಇತ್ತು, ಬೇರೆ ಎರಡು ದೊಡ್ಡ ಗುಂಪುಗಳು ಜಾಸ್ತಿ ಇದ್ದವು. 2015ರಲ್ಲಿ ಇದು ಪ್ರಕಟವಾದಾಗ ನಮ್ಮ ವೃತ್ತಿಯವರೆಲ್ಲ ಕಿವಿ ನೆಟ್ಟಗೆ ಮಾಡಿದ್ದು ನಿಜ. ಮಗು ಇನ್ನೂ ಗೋಧಿಯ ಮುಖವನ್ನೇ ನೋಡಿಲ್ಲ, ಕಾಯಿಲೆಯೂ ಇಲ್ಲ, ಆದರೂ ಜೀನ್ ಆಗಲೇ ತನಗೆ ಬೇಕಾದ ಬ್ಯಾಕ್ಟೀರಿಯಾ ಆರಿಸುತ್ತಿರುವ ಹಾಗೆ ಕಾಣುತ್ತಿತ್ತು. ನೀವು ಓದಿದ್ದು ಬಹುಶಃ ಇದನ್ನೇ.

ಇನ್ನೊಂದು ಎಳೆಯೂ ಇದೆ. ಕೆನಡಾದ ಪ್ರಯೋಗಶಾಲೆಯೊಂದು ಇಲಿಗಳಲ್ಲಿ ನೋಡಿದ್ದು ಇದು: ಕರುಳಿನ ಕೆಲವು ಬ್ಯಾಕ್ಟೀರಿಯಾ ಗ್ಲುಟೆನ್ ತುಂಡುಗಳನ್ನು ಇನ್ನಷ್ಟು ಸಣ್ಣದಾಗಿ ಕಡಿದು ನಿರುಪದ್ರವಿ ಮಾಡುತ್ತವೆ. ಸ್ಯೂಡೋಮೊನಾಸ್‌ನಂಥವು ಕಡಿದರೆ ಆ ತುಂಡುಗಳು ರೋಗನಿರೋಧಕ ಕಣಗಳನ್ನು ಇನ್ನೂ ಜಾಸ್ತಿ ಕೆರಳಿಸುತ್ತವೆ. ಹಾಗಾಗಿ ಯಾವ ಬ್ಯಾಕ್ಟೀರಿಯಾ ಮನೆ ಮಾಡಿದೆ ಅನ್ನುವುದು ಸಣ್ಣ ವಿಷಯವಲ್ಲ.

ಇಷ್ಟು ಹೇಳಿದ ಮೇಲೆ ಬ್ರೇಕ್ ಹಾಕಬೇಕು. ಸ್ಪೇನಿನ ಆ ಅಧ್ಯಯನದಲ್ಲಿದ್ದ ಕೂಸುಗಳು 22. ಮುಂದೆ ಅದೇ ತಂಡ, ಸೀಲಿಯಾಕ್ ಬಂದ 10 ಮಕ್ಕಳನ್ನು ಬರದ 10 ಮಕ್ಕಳ ಜೊತೆ ಹೋಲಿಸಿತು. ಅಲ್ಲೂ ಬ್ಯಾಕ್ಟೀರಿಯಾ ಬೆಳೆದ ದಾರಿ ಬೇರೆಬೇರೆ ಕಂಡಿತು. ಸುಳಿವು ಸಿಗಲು ಇಷ್ಟು ಸಾಕು, ಔಷಧಿ ಬರೆಯಲು ಸಾಲದು. ಅಮೆರಿಕ, ಇಟಲಿ, ಸ್ಪೇನ್ ಸೇರಿ ನೂರಾರು ಕೂಸುಗಳನ್ನು ಹುಟ್ಟಿನಿಂದ ವರ್ಷಗಳ ಕಾಲ ಹಿಂಬಾಲಿಸುವ ಸಿಡಿಜೆಮ್ ಎಂಬ ಅಧ್ಯಯನ ನಡೆಯುತ್ತಿದೆ. ಅಲ್ಲಿಂದಲೂ ಕಾಯಿಲೆಗೆ ಮುಂಚೆಯೇ ಬ್ಯಾಕ್ಟೀರಿಯಾ ಬದಲಾಗುವ ವರದಿಗಳು ಬಂದಿವೆ. ಆದರೆ ‘ಈ ಬ್ಯಾಕ್ಟೀರಿಯಾ ಕಡಿಮೆ, ಆದ್ದರಿಂದ ಈ ಮಗುವಿಗೆ ಕಾಯಿಲೆ ಬರುತ್ತದೆ’ ಅಂತ ಒಂದು ಮಗುವನ್ನು ತೋರಿಸಿ ಹೇಳುವ ಮಟ್ಟಕ್ಕೆ ಯಾರೂ ಬಂದಿಲ್ಲ. ಮಲದ ಸ್ಯಾಂಪಲ್ ಕಳಿಸಿದರೆ ಬಣ್ಣಬಣ್ಣದ ಚಾರ್ಟ್ ಕೊಡುವ ಕಿಟ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಐದು ತಿಂಗಳ ಮಗುವಿನ ಕರುಳು ಮುಂದಿನ ತಿಂಗಳು ಅನ್ನ, ಬೇಳೆ ಶುರುವಾಗುತ್ತಿದ್ದಂತೆ ಬೇರೆಯೇ ಆಗಿಬಿಡುತ್ತದೆ. ಆ ಚಾರ್ಟಿಗೆ ದುಡ್ಡು ಸುಮ್ನೆ ಹಾಳು.

ಪ್ರೋಬಯೋಟಿಕ್ ಡ್ರಾಪ್ಸ್ ಕಥೆಯೂ ಅಲ್ಲಿಗೇ ಬರುತ್ತದೆ. ಬೈಫಿಡೋಬ್ಯಾಕ್ಟೀರಿಯಾ ಕಡಿಮೆ ಇದ್ದರೆ ಹೊರಗಿನಿಂದ ಹಾಕಿದರಾಯಿತು ಅನ್ನಿಸುವುದು ಸಹಜ. ಆದರೆ ಅಪಾಯ ಇರುವ ಕೂಸಿಗೆ ಡ್ರಾಪ್ಸ್ ಹಾಕಿ ಸೀಲಿಯಾಕ್ ತಡೆದದ್ದನ್ನು ಯಾವ ಪ್ರಯೋಗವೂ ಇದುವರೆಗೆ ತೋರಿಸಿಲ್ಲ. ನಾನಂತೂ ಇದಕ್ಕಾಗಿ ಬರೆದುಕೊಡುವುದಿಲ್ಲ. ಎದೆಹಾಲು ಮುಂದುವರಿಸಿ, ಬೈಫಿಡೋಬ್ಯಾಕ್ಟೀರಿಯಾಕ್ಕೆ ಬೇಕಾದ ಊಟ ಅದರಲ್ಲೇ ಇದೆ. ಎದೆಹಾಲು ಸೀಲಿಯಾಕ್ ತಡೆಯುತ್ತದೆ ಅಂತ ಹೇಳಲಾರೆ, ಆದರೆ ಅದರ ಉಳಿದ ಉಪಕಾರಗಳೇ ಬೇಕಾದಷ್ಟಿವೆ.

ಸಿಸೇರಿಯನ್ ಆಯಿತಲ್ಲ ಅಂತ ಕೊರಗಬೇಡಿ. ಸಿಸೇರಿಯನ್ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಮೊದಮೊದಲು ಬೇರೆ ಇರುತ್ತವೆ ನಿಜ. ಆದರೆ ಡೆನ್ಮಾರ್ಕ್, ನಾರ್ವೆಗಳಲ್ಲಿ ಲಕ್ಷಾಂತರ ಮಕ್ಕಳ ದಾಖಲೆ ಹಿಡಿದು ನೋಡಿದಾಗ ಸಿಸೇರಿಯನ್ನಿಗೂ ಸೀಲಿಯಾಕಿಗೂ ನಂಟು ಕಾಣಲಿಲ್ಲ. ಆ್ಯಂಟಿಬಯೋಟಿಕ್ ವಿಷಯದಲ್ಲಿ ಮಾತ್ರ ಕೈ ಹಿಡಿತ ಇರಲಿ. ಶೀತ, ಕೆಮ್ಮು ಬಂದ ಕೂಡಲೇ ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ಸಿರಪ್ ತರುವ ಅಭ್ಯಾಸ ನಮ್ಮ ಊರಲ್ಲಿದೆ. ಅದು ಬೇಡ.

ಬ್ಯಾಕ್ಟೀರಿಯಾಗಿಂತ ವೈರಸ್ಸಿನ ಬಗ್ಗೆ ಪುರಾವೆ ಸ್ವಲ್ಪ ಗಟ್ಟಿ ಇದೆ ಅಂತ ನನ್ನ ಅಭಿಪ್ರಾಯ. ಜೀನ್ ಇರುವ ಸಾವಿರಾರು ಮಕ್ಕಳನ್ನು ಹಿಂಬಾಲಿಸಿದ ಟೆಡ್ಡಿ ಎಂಬ ಅಧ್ಯಯನದಲ್ಲಿ, ವಾಂತಿ-ಭೇದಿ ಸೋಂಕು ಬಂದ ನಂತರದ ತಿಂಗಳುಗಳಲ್ಲಿ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯಗಳು (ಆ್ಯಂಟಿಬಾಡಿಗಳು) ಕಾಣಿಸಿಕೊಳ್ಳುವುದು ಜಾಸ್ತಿ ಇತ್ತು. ವಾಂತಿ-ಭೇದಿ ತರುವ ರೋಟಾವೈರಸ್ಸಿನ ಲಸಿಕೆ ಹಾಕಿಸಿಕೊಂಡ ಕೆಲವು ಮಕ್ಕಳಲ್ಲಿ ಈ ಅಪಾಯ ಕಡಿಮೆ ಕಂಡಿತು. ಆ ಲಸಿಕೆ ನಮ್ಮಲ್ಲಿ 6, 10, 14ನೇ ವಾರದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಸಿಗುತ್ತದೆ. ತಾಯಿ ಕಾರ್ಡ್ ತೆಗೆದು ಮೂರೂ ಡೋಸ್ ಆಗಿದೆಯಾ ನೋಡಿ.

ಈಗ ಜೀನ್ ಟೆಸ್ಟ್. ನಿಮ್ಮ ಜೀನ್ ಮಗನಿಗೆ ಬಂದಿರುವ ಸಾಧ್ಯತೆ ಕಡಿಮೆಯೆಂದರೂ ಅರ್ಧಕ್ಕರ್ಧ. ಜೊತೆಗೆ ಅವನ ಅಪ್ಪನ ಕಡೆಯಿಂದಲೂ ಬಂದಿರಬಹುದು. ಹಾಗಾಗಿ ‘ಪಾಸಿಟಿವ್’ ಅಂತ ಬರುವ ಸಂಭವವೇ ಹೆಚ್ಚು. ಪಾಸಿಟಿವ್ ಬಂದರೆ ಏನು ಮಾಡುತ್ತೀರಿ? ಈಗ ಮಾಡುವುದನ್ನೇ ಮಾಡುತ್ತೀರಿ. ರಾತ್ರಿ ನಿದ್ದೆ ಮಾತ್ರ ಹೋಗುತ್ತದೆ. ಈ ಟೆಸ್ಟಿನ ಬೆಲೆ ಇರುವುದು ನೆಗೆಟಿವ್ ಬಂದಾಗ. ಎರಡೂ ಜೀನ್ ಇಲ್ಲ ಅಂದರೆ ಸೀಲಿಯಾಕ್ ಬರುವುದು ಬಹಳ ಅಪರೂಪ. ಆಗ ಮಗನಿಗೆ ಮತ್ತೆಮತ್ತೆ ಸೂಜಿ ಚುಚ್ಚುವುದು ತಪ್ಪುತ್ತದೆ. ಒಮ್ಮೆ ಮಾಡಿಸಿದರೆ ಸಾಕು, ಜೀವನಪೂರ್ತಿ ಬದಲಾಗುವುದಿಲ್ಲ. ಆದರೆ ಅವಸರ ಬೇಡ. ಮುಂದೆ ಹೇಗೂ ರಕ್ತ ತೆಗೆಯುವಾಗ ಜೊತೆಯಲ್ಲೇ ಕಳಿಸಬಹುದು.

ಅಪಾಯ ಎಷ್ಟು ಅಂತ ನೇರವಾಗಿ ಹೇಳಿಬಿಡುತ್ತೇನೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಲ್ಲಿ ಕಾಣುವುದು ಒಟ್ಟಾರೆ ನೂರಕ್ಕೆ 7ರಿಂದ 8. ಜೀನ್ ಇರುವ ಮಕ್ಕಳನ್ನಷ್ಟೇ ಆರಿಸಿ, ನಿಯಮಿತವಾಗಿ ರಕ್ತ ಪರೀಕ್ಷೆ ಮಾಡುತ್ತಾ ಹೋದರೆ ಸಂಖ್ಯೆ ಮೇಲೇರುತ್ತದೆ. ಇಟಲಿಯಲ್ಲಿ ಹಾಗೆ ಮಾಡಿದಾಗ ಐದು ವರ್ಷದೊಳಗೆ ಕಾಯಿಲೆ ಬಂದದ್ದು ನೂರಕ್ಕೆ 16 ಮಕ್ಕಳಿಗೆ. ಡಿಕ್ಯೂ2 ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದವರಲ್ಲಿ ಹತ್ತು ವರ್ಷದ ಹೊತ್ತಿಗೆ ನೂರಕ್ಕೆ 26. ಗೋಧಿಯನ್ನೇ ಉಂಡು ಬೆಳೆಯುವ ದೇಶದ ಲೆಕ್ಕ ಇದು, ನೆನಪಿರಲಿ. ಅಲ್ಲೂ ಬಹುಪಾಲು ಮಕ್ಕಳಿಗೆ ಬರಲಿಲ್ಲ. ಆದರೆ ಕಣ್ಣಿಡಬೇಕಾದಷ್ಟು ಅಪಾಯ ಇದೆ.

ಗೋಧಿ ಯಾವಾಗ ಕೊಡಬೇಕು ಅನ್ನುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. ಸ್ವೀಡನ್ನಿನಲ್ಲಿ 1984ರಿಂದ 1996ರವರೆಗೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸೀಲಿಯಾಕ್ ಒಮ್ಮೆಲೇ ನಾಲ್ಕು ಪಟ್ಟು ಏರಿತು, ಆಮೇಲೆ ಅಷ್ಟೇ ವೇಗದಲ್ಲಿ ಇಳಿಯಿತು. ಏರುವ ಸ್ವಲ್ಪ ಮುಂಚೆ ಗೋಧಿಯನ್ನು ತಡವಾಗಿ ಶುರು ಮಾಡಿ ಎಂಬ ಸಲಹೆ ಜಾರಿಗೆ ಬಂದಿತ್ತು. ಮಕ್ಕಳ ಹಿಟ್ಟು, ಹಾಲಿನ ಪುಡಿಗಳಲ್ಲಿ ಗ್ಲುಟೆನ್ ಕೂಡ ಜಾಸ್ತಿಯಾಗಿತ್ತು. ಇದನ್ನು ನೋಡಿ, ಎದೆಹಾಲು ಕುಡಿಯುವಾಗಲೇ ನಾಲ್ಕರಿಂದ ಆರು ತಿಂಗಳ ನಡುವೆ ಚೂರು ಗೋಧಿ ಕೊಟ್ಟರೆ ಮಗುವಿಗೆ ಒಗ್ಗುತ್ತದೆ ಅಂತ ಜಗತ್ತೆಲ್ಲ ನಂಬಿತು. 2014ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಒಟ್ಟಿಗೇ ಬಂತು. ಒಂದರಲ್ಲಿ 944 ಕೂಸುಗಳಲ್ಲಿ ಅರ್ಧಕ್ಕೆ ನಾಲ್ಕು ತಿಂಗಳಿನಿಂದಲೇ ದಿನಕ್ಕೆ 100 ಮಿಲಿಗ್ರಾಂ ಗ್ಲುಟೆನ್ ಕೊಟ್ಟರು. ಏನೂ ಉಪಯೋಗ ಕಾಣಲಿಲ್ಲ. ಇನ್ನೊಂದರಲ್ಲಿ ಕೆಲವರಿಗೆ ಆರು ತಿಂಗಳಿಗೆ, ಕೆಲವರಿಗೆ ಒಂದು ವರ್ಷಕ್ಕೆ ಶುರು ಮಾಡಿದರು. ತಡ ಮಾಡಿದವರಲ್ಲಿ ಕಾಯಿಲೆ ಕೊಂಚ ತಡವಾಗಿ ಬಂತು. ಐದು ವರ್ಷದ ಹೊತ್ತಿಗೆ ಲೆಕ್ಕ ಸಮ. ಅತ್ತೆಯವರಿಗೆ ತೋರಿಸಬೇಕಾದ್ದು ಇದನ್ನೇ: ಮುಂದೂಡಿದರೆ ಕಾಯಿಲೆ ತಪ್ಪುವುದಿಲ್ಲ.

ಪ್ರಮಾಣದ ಬಗ್ಗೆ ಮಾತ್ರ ಎಚ್ಚರ ಒಳ್ಳೆಯದು. ಮೊದಲ ಐದು ವರ್ಷ ಜಾಸ್ತಿ ಗ್ಲುಟೆನ್ ತಿಂದ, ಜೀನ್ ಇರುವ ಮಕ್ಕಳಲ್ಲಿ ಸೀಲಿಯಾಕ್ ಹೆಚ್ಚು ಅಂತ ಟೆಡ್ಡಿ 2019ರಲ್ಲಿ ತೋರಿಸಿತು. ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ನಾಲ್ಕು ತಿಂಗಳಿಗೇ ಸಾಕಷ್ಟು ಗೋಧಿ ಕೊಟ್ಟಾಗ ಇದಕ್ಕೆ ತದ್ವಿರುದ್ಧವಾದ ಫಲಿತಾಂಶವೂ ಬಂದಿದೆ, ಆದ್ದರಿಂದ ಇದು ಮುಗಿದ ವಾದವಲ್ಲ. ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘದ ಸಲಹೆ ನಡುದಾರಿಯದ್ದು: 4ರಿಂದ 12 ತಿಂಗಳ ನಡುವೆ ಯಾವಾಗ ಬೇಕಾದರೂ ಶುರು ಮಾಡಿ, ಮೊದಲ ವಾರಗಳಲ್ಲಿ ಹೆಚ್ಚು ಕೊಡಬೇಡಿ. ಆರು ತಿಂಗಳು ಬರೀ ಎದೆಹಾಲು ಎಂಬ ನಮ್ಮ ಪದ್ಧತಿಗೂ ಇದು ಹೊಂದುತ್ತದೆ.

ಅಡುಗೆಮನೆಗೆ ಬರೋಣ. ಅನ್ನಪ್ರಾಶನ ಮುಗಿಸಿ, ಮೊದಲು ಮೆತ್ತಗಿನ ಅನ್ನ-ಬೇಳೆಕಟ್ಟು, ರಾಗಿ ಸರಿ ಕೊಡಿ. ಅವು ಒಗ್ಗಿದ ಮೇಲೆ ಒಂದೆರಡು ಚಮಚ ಗೋಧಿ ನುಚ್ಚಿನ ಗಂಜಿ, ಇಲ್ಲವೇ ಚಪಾತಿಯ ಚೂರನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿ ಕೊಡಿ. ವಾರಕ್ಕೆ ಕೆಲವು ಸಲ ಸಾಕು. ಉಳಿದ ಹೊತ್ತು ರಾಗಿ, ಅಕ್ಕಿ. ಗೋಧಿ, ಬಾರ್ಲಿ, ಕಾಳು ಎಲ್ಲ ಹುರಿದು ಸೇರಿಸಿದ ಹಿಟ್ಟಿನ ಪ್ಯಾಕೆಟ್ ಬೇಡ. ಅದರಲ್ಲಿ ಎಷ್ಟು ಗೋಧಿ ಹೋಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ.

ನನಗೆ ಚಿಂತೆ ಇರುವುದು ಮಗನಿಗಿಂತ ನಿಮ್ಮ ಬಗ್ಗೆ. ಗೋಧಿ ಇಲ್ಲದ ಮನೆಗೆ ಈಗ ಗೋಧಿ ಬರುತ್ತದೆ. ಒಂದು ಸಾಧಾರಣ ಚಪಾತಿಯಲ್ಲಿ ಸುಮಾರು 3 ಗ್ರಾಂ ಗ್ಲುಟೆನ್ ಅಂತ ಇಟ್ಟುಕೊಳ್ಳಿ. ಸೀಲಿಯಾಕ್ ಇರುವವರ ಕರುಳಿಗೆ ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ಚಪಾತಿಯ ಅರವತ್ತರಲ್ಲಿ ಒಂದು ಪಾಲು, ತಿಂಗಳುಗಟ್ಟಲೆ ಬಿದ್ದರೆ ಪೆಟ್ಟಾಗುತ್ತದೆ. ಮಗು ಬಿಟ್ಟ ಎರಡು ತುತ್ತನ್ನು ‘ಯಾಕೆ ಬಿಸಾಡಲಿ’ ಅಂತ ಬಾಯಿಗೆ ಹಾಕಿಕೊಳ್ಳುವುದು ನಮ್ಮ ತಾಯಂದಿರ ಅಭ್ಯಾಸ. ಬಿಸಿ ಇದೆಯಾ ಅಂತ ಚಮಚ ನಾಲಿಗೆಗೆ ತಾಗಿಸುವುದೂ ಅಷ್ಟೇ. ಗೋಧಿ ತುತ್ತಿನ ವಿಷಯದಲ್ಲಿ ಇವೆರಡನ್ನೂ ಬಿಡಬೇಕು. ಮಗುವಿನ ಬಟ್ಟಲು, ಚಮಚ, ಸಣ್ಣ ಪಾತ್ರೆ ಬೇರೆ ಇರಲಿ. ಸಾಧ್ಯವಾದರೆ ಆ ತುತ್ತನ್ನು ಮನೆಯವರು ತಿನ್ನಿಸಲಿ. ಇನ್ನೆರಡು ಮಾತು: ಅಂಗಡಿಯ ಡಬ್ಬಿ ಇಂಗಿನಲ್ಲಿ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುವುದು ಮಾಮೂಲು, ಲೇಬಲ್ ಓದಿ. ರಾಗಿಯನ್ನು ಬೀದಿಯ ಫ್ಲೋರ್ ಮಿಲ್ಲಿಗೆ ಕೊಟ್ಟರೆ, ಹಿಂದಿನವರು ಬೀಸಿಸಿದ ಗೋಧಿ ಹಿಟ್ಟು ಕಲ್ಲಿನಿಂದ ನಿಮ್ಮ ಡಬ್ಬಕ್ಕೂ ಇಳಿಯುತ್ತದೆ. ಮನೆಯಲ್ಲೇ ಮಿಕ್ಸಿಯಲ್ಲಿ ಮಾಡಿಕೊಳ್ಳಿ, ಇಲ್ಲವೇ ಗ್ಲುಟೆನ್-ಫ್ರೀ ಅಂತ ಮುದ್ರೆ ಇರುವ ಹಿಟ್ಟು ತನ್ನಿ. ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಹಾಗೆ ಮುದ್ರಿಸುವಂತಿಲ್ಲ.

ಮಗನ ರಕ್ತ ಪರೀಕ್ಷೆಯನ್ನು ಎರಡರಿಂದ ಮೂರು ವರ್ಷದ ನಡುವೆ ಮಾಡಿಸಿ. ಟಿಟಿಜಿ-ಐಜಿಎ (ಮೊದಲು ಹೇಳಿದ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವದ ವಿರುದ್ಧ ಏಳುವ, ಐಜಿಎ ಬಗೆಯ ಪ್ರತಿಕಾಯ), ಜೊತೆಗೆ ಒಟ್ಟು ಐಜಿಎ (ಆ ಬಗೆಯ ಪ್ರತಿಕಾಯಗಳೆಲ್ಲದರ ಒಟ್ಟು ಪ್ರಮಾಣ). ಎರಡೂ ಬೇಕು. ಕೆಲವರಲ್ಲಿ ಐಜಿಎಯೇ ಕಡಿಮೆ ಇರುತ್ತದೆ, ಆಗ ಮೊದಲನೆಯದು ಸುಳ್ಳು ನೆಮ್ಮದಿ ಕೊಡುತ್ತದೆ. ನಾರ್ಮಲ್ ಬಂದರೂ ಕೆಲವು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಅದಕ್ಕೂ ಮುಂಚೆ ಬಿಡದ ಭೇದಿ, ಹೊಟ್ಟೆ ಉಬ್ಬರ, ತೂಕ ನಿಂತುಹೋಗುವುದು, ಸದಾ ಕಿರಿಕಿರಿ, ಮಾತ್ರೆಗೆ ಬಗ್ಗದ ರಕ್ತಹೀನತೆ ಕಂಡರೆ ಕಾಯಬೇಡಿ. ಮಲಬದ್ಧತೆಯೂ ಸೀಲಿಯಾಕಿನ ಲಕ್ಷಣವಾಗಬಹುದು, ಅದನ್ನು ತುಂಬ ಜನ ಮರೆಯುತ್ತಾರೆ.

ಪರೀಕ್ಷೆಗೆ ಮುಂಚೆ ಗೋಧಿ ನಿಲ್ಲಿಸಬೇಡಿ. ಅನುಮಾನ ಬಂದ ಕೂಡಲೇ ಮನೆಯವರೇ ಗೋಧಿ ಬಿಡಿಸಿ, ಮಗು ಗೆಲುವಾದ ಮೇಲೆ ನಮ್ಮ ಹತ್ತಿರ ಬರುತ್ತಾರೆ. ಅಷ್ಟೊತ್ತಿಗೆ ಪ್ರತಿಕಾಯಗಳು ಇಳಿದಿರುತ್ತವೆ, ಟೆಸ್ಟ್ ನೆಗೆಟಿವ್ ಬರುತ್ತದೆ. ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಗೋಧಿಯನ್ನು ವಾರಗಟ್ಟಲೆ ಮತ್ತೆ ತಿನ್ನಿಸಬೇಕಾಗುತ್ತದೆ. ಅತ್ತೆಯವರ ಸಲಹೆ ಬೇಡ ಅಂದದ್ದಕ್ಕೆ ಇದು ಇನ್ನೊಂದು ಕಾರಣ. ಗೋಧಿಯನ್ನೇ ತಿನ್ನದ ಮಗುವಿನ ರಿಪೋರ್ಟ್ ನಾರ್ಮಲ್ ಬಂದರೆ ಅದಕ್ಕೆ ಅರ್ಥವಿಲ್ಲ.

ಟಿಟಿಜಿ ಮಟ್ಟ ಮಿತಿಯ ಹತ್ತು ಪಟ್ಟು ದಾಟಿ, ಇನ್ನೊಂದು ಸ್ಯಾಂಪಲ್ಲಿನಲ್ಲಿ ಇಎಂಎ ಎಂಬ ಪ್ರತಿಕಾಯವೂ ಕಂಡರೆ, ಮಕ್ಕಳಲ್ಲಿ ಎಂಡೋಸ್ಕೋಪಿ ಇಲ್ಲದೆಯೇ ಕಾಯಿಲೆ ಖಚಿತ ಮಾಡಬಹುದು ಅಂತ 2020ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಅದು ಮಕ್ಕಳ ಗ್ಯಾಸ್ಟ್ರೋ ತಜ್ಞರ ಜೊತೆ ಕೂತು ತೀರ್ಮಾನಿಸುವ ಮಾತು.

ಕೊನೆಗೆ ನೀವು ಕೇಳದ ಒಂದು ವಿಷಯ. ನಿಮ್ಮ ಅಪ್ಪ, ಅಮ್ಮ, ಅಣ್ಣ-ತಮ್ಮ, ಅಕ್ಕ-ತಂಗಿ ಯಾರಾದರೂ ಈ ಟೆಸ್ಟ್ ಮಾಡಿಸಿದ್ದಾರಾ? ನಿಮ್ಮ ಜೀನ್ ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದು. ಹೊಟ್ಟೆಯ ತೊಂದರೆ ಏನೂ ಇಲ್ಲದೆ ಬರೀ ರಕ್ತಹೀನತೆ, ಮೂಳೆ ಸವೆತವಾಗಿಯೂ ಇದು ಅಡಗಿರಬಹುದು. ಮಗನಿಗೆ ಇನ್ನೂ ಎರಡು ವರ್ಷ ಸಮಯವಿದೆ. ಅವರು ಈ ವಾರವೇ ಮಾಡಿಸಬಹುದು, ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಂತಲೂ ಇಲ್ಲ.